ಜೋರ್ಡಾನ್ ಕಣಿವೆ: ಮಣ್ಣಿನಡಿ ಸಿಕ್ಕಿದ ದುಡಿಯುವವರ ಚರಿತ್ರೆ

(ಕುಟುಂಬ ಸಮ್ಮಿಲನದ ಸಂಜೆ ಕಾರ್ಯಕ್ರಮದಲ್ಲಿ ಅಧ್ಯಯನ ಬಳಗದ ಪರವಾಗಿ ಮಾಡಿದ ಭಾಷಣದ ಬರಹ ರೂಪ)



ಇವತ್ತು ನಾವು ಮಾತಾಡಲು ಎತ್ತಿಕೊಂಡ ವಿಷಯ ಜೋರ್ಡಾನ್ ನದಿಯ ಕಣಿವೆ. "ಅದರಿಂದ ನಮಗೆ ಏನಾಗಬೇಕು ಮಾರಾಯ್ರೆ?" ಅಂತ ಕೆಲವರು ಮನಸ್ಸಿನಲ್ಲೇ ಕೇಳುತ್ತಿರಬಹುದು. ನಮ್ಮಲ್ಲಿ ಸೂಪರ್ ಮಾರ್ಕೆಟಿನ ತರಕಾರಿ ವಿಭಾಗದಲ್ಲಿ ಕೆಲಸ ಮಾಡುವವರು ಎಷ್ಟೋ ಮಂದಿ ಇದ್ದಾರೆ. ಟೊಮೆಟೊ, ಮುಳ್ಳುಸೌತೆ, ದಪ್ಪ ಮಜ್ದೂಲ್ ಖರ್ಜೂರದ ಪೆಟ್ಟಿಗೆಗಳ ಮೇಲೆ 'ಜೋರ್ಡಾನ್' ಅಂತ ಬರೆದದ್ದನ್ನು ಅವರು ಎತ್ತಿ ಇಳಿಸುತ್ತಲೇ ಇರುತ್ತಾರೆ. ಅದರಲ್ಲಿ ಬಹಳಷ್ಟು ಬೆಳೆಯುವುದು ಇದೇ ಕಣಿವೆಯಲ್ಲಿ. ಇನ್ನು ಕೆಲವರು ಸಹಾಬಿಗಳ ಮಖಾಮ್ ಝಿಯಾರತಿಗೆಂದು ಬಸ್ಸಿನಲ್ಲಿ ಆ ದಾರಿಯಾಗಿ ಹೋಗುತ್ತಾರೆ. ಹಾಗಾಗಿ ಇದು ನಮಗೆ ತೀರಾ ಅಪರಿಚಿತ ಜಾಗ ಏನಲ್ಲ.

ಆ ಕಣಿವೆ ಅಂದ ಕೂಡಲೇ ಪ್ರವಾದಿಗಳ, ರಾಜರ, ಯುದ್ಧಗಳ ಕಥೆ ನೆನಪಾಗುತ್ತದೆ. ಅದು ಸರಿಯೇ. ಆದರೆ ಮಣ್ಣು ಅಗೆದವರಿಗೆ ಅಲ್ಲಿ ಹೆಚ್ಚಾಗಿ ಸಿಕ್ಕಿದ್ದು ಬೇರೆಯೇ: ಕಣಜ, ಒಲೆ, ಮಡಕೆ, ಮಣ್ಣಿನ ಇಟ್ಟಿಗೆ, ಗಿರಣಿ, ಕಾಲುವೆ. ಅಂದರೆ ದುಡಿದು ಬದುಕಿದವರ ಗುರುತು. ನಾವೂ ದುಡಿಯಲಿಕ್ಕೆಂದೇ ಊರು ಬಿಟ್ಟು ಬಂದವರಲ್ವಾ? ಆ ಕಣ್ಣಿನಿಂದಲೇ ಈ ಕಣಿವೆಯನ್ನು ನೋಡೋಣ.

ಸಮುದ್ರಕ್ಕಿಂತ ಕೆಳಗಿನ ನೆಲ

ಮೊದಲು ಭೂಗೋಳ. ಲೆಬನಾನಿನಿಂದ ಬರುವ ಹಾಸ್ಬಾನಿ, ಹರ್ಮೋನ್ ಪರ್ವತದ ಬುಡದಲ್ಲಿ ಹುಟ್ಟುವ ಬಾನಿಯಾಸ್ ಮತ್ತು ದಾನ್, ಈ ಮೂರು ತೊರೆಗಳು ಸೇರಿ ಜೋರ್ಡಾನ್ ನದಿ ಆಗುತ್ತದೆ. ಅರಬಿಯಲ್ಲಿ ಅದು ಉರ್ದುನ್. ಅಲ್ಲಿಂದ ತೆಂಕಕ್ಕೆ ಇಳಿದು ತಬರಿಯ್ಯಾ ಸರೋವರ ಸೇರುತ್ತದೆ. ಸರೋವರದಿಂದ ಹೊರಟ ಸ್ವಲ್ಪ ದೂರದಲ್ಲೇ ಪೂರ್ವದಿಂದ ಯರ್ಮೂಕ್ ನದಿ ಬಂದು ಕೂಡುತ್ತದೆ, ಮುಂದೆ ಝರ್ಕಾ ನದಿ. ಕೊನೆಗೆ ಮೃತ ಸಮುದ್ರ. ನದಿಯ ಒಟ್ಟು ಉದ್ದ ಸುಮಾರು 250 ಕಿ.ಮೀ.

ನಮ್ಮ ನೇತ್ರಾವತಿ ಘಟ್ಟದಿಂದ ಇಳಿದು ಅರಬ್ಬೀ ಸಮುದ್ರ ಸೇರುತ್ತದೆ. ಜೋರ್ಡಾನ್ ಹಾಗಲ್ಲ. ಅದು ಯಾವ ಕಡಲನ್ನೂ ಮುಟ್ಟುವುದಿಲ್ಲ. ಯಾಕೆಂದರೆ ಅದು ಹರಿಯುವ ನೆಲವೇ ಕಡಲಿಗಿಂತ ಕೆಳಗುಂಟು. ತಬರಿಯ್ಯಾ ಸರೋವರ ಸಮುದ್ರಮಟ್ಟಕ್ಕಿಂತ ಸುಮಾರು 210 ಮೀಟರ್ ಕೆಳಗೆ. ಮೃತ ಸಮುದ್ರದ ನೀರು ಈಗ 430 ಮೀಟರಿಗಿಂತಲೂ ಕೆಳಗೆ. ಭೂಮಿಯ ಮೇಲೆ ಅದಕ್ಕಿಂತ ತಗ್ಗಿನ ಒಣನೆಲ ಬೇರೆ ಇಲ್ಲ. ಒಳಗೆ ಬಂದ ನೀರಿಗೆ ಹೊರಗೆ ಹೋಗಲು ದಾರಿ ಇಲ್ಲ. ಬಿಸಿಲಿಗೆ ಆವಿಯಾಗುತ್ತದೆ, ಉಪ್ಪು ಮಾತ್ರ ಉಳಿಯುತ್ತದೆ. ಆ ನೀರಿನಲ್ಲಿ ಮೂರನೇ ಒಂದು ಪಾಲು ಉಪ್ಪು.

ಇಷ್ಟು ದೊಡ್ಡ ತಗ್ಗು ಹೇಗಾಯಿತು? ಭೂಮಿಯ ಮೇಲ್ಪದರ ದೊಡ್ಡ ದೊಡ್ಡ ಫಲಕಗಳಾಗಿ ಒಡೆದಿದೆ. ಕಣಿವೆಯ ಪೂರ್ವ ಬದಿ ಅರೇಬಿಯಾ ಫಲಕ. ನಾವು ಈಗ ನಿಂತಿರುವ ಈ ಗಲ್ಫ್ ನೆಲವೂ ಅದೇ ಫಲಕದ ಮೇಲಿದೆ. ಪಶ್ಚಿಮ ಬದಿಗೆ ಹೋಲಿಸಿದರೆ ಈ ಫಲಕ ವರ್ಷಕ್ಕೆ ಸುಮಾರು 5 ಮಿಲಿಮೀಟರಿನಂತೆ, ಅಂದರೆ ಒಂದು ಅಕ್ಕಿಕಾಳಿನಷ್ಟು, ಬಡಗಕ್ಕೆ ಸರಿಯುತ್ತಿದೆ. ಲಕ್ಷಾಂತರ ವರ್ಷ ಹೀಗೆ ಸರಿದು ನಡುವಿನ ನೆಲ ಕುಸಿದು ಕಣಿವೆಯಾಯಿತು. ಅಲ್ಲಿ ಆಗಾಗ ಭೂಕಂಪ ಆಗುವುದೂ ಇದೇ ಕಾರಣಕ್ಕೆ.

ಕಣಿವೆಯ ಒಳಗೆ ಎರಡು ಮೆಟ್ಟಿಲು ಉಂಟು. ಮೇಲಿನ ಅಗಲವಾದ ಬಯಲಿಗೆ ಅರಬರು ಗೌರ್ ಎನ್ನುತ್ತಾರೆ. ಅದರ ನಡುವೆ ಹತ್ತಾರು ಮೀಟರ್ ಆಳಕ್ಕೆ ಕೊರೆದುಕೊಂಡು ನದಿ ಹಾವಿನಂತೆ ಹರಿಯುವ ಇಕ್ಕಟ್ಟಾದ ತಗ್ಗಿಗೆ ಝೋರ್ ಎಂದು ಹೆಸರು. ಇದನ್ನು ಗಮನದಲ್ಲಿಡಿ, ಮುಂದಿನ ಮಾತಿಗೆ ಬೇಕು. ನದಿ ಕಣ್ಣೆದುರೇ ಇದ್ದರೂ ಅದರ ನೀರನ್ನು ಮೇಲಿನ ಗದ್ದೆಗೆ ಎತ್ತುವುದು ಹಿಂದಿನವರಿಗೆ ಆಗದ ಕೆಲಸ. ಹಾಗಾಗಿ ಜನ ನೆಲೆ ನಿಂತದ್ದು ನದಿಯ ದಂಡೆಯಲ್ಲಲ್ಲ. ಗುಡ್ಡೆಯ ಬುಡದಲ್ಲಿ ಬುಗ್ಗೆ ಇದ್ದಲ್ಲಿ, ಪಕ್ಕದಿಂದ ತೊರೆ ಇಳಿದು ಬಯಲು ಸೇರುವಲ್ಲಿ. ಆ ತೊರೆಗೆ ಅಡ್ಡಕಟ್ಟಿ ತೋಡು ತೆಗೆದರೆ ನೀರು ತಾನಾಗಿ ಗದ್ದೆಗೆ ಹರಿಯುತ್ತದೆ. ಕಣಿವೆಯ ಹಳೆಯ ಊರುಗಳ ದಿಬ್ಬಗಳು ಇವತ್ತಿಗೂ ಇಂಥ ಜಾಗಗಳಲ್ಲೇ ಸಾಲಾಗಿ ಕಾಣುತ್ತವೆ.

ದಿಬ್ಬದ ಒಳಗೆ ಊರು

ದಿಬ್ಬ ಅಂದೆವು. ಅರಬಿಯಲ್ಲಿ ಅದಕ್ಕೆ ತಲ್ಲ್. ಮಣ್ಣಿನ ಇಟ್ಟಿಗೆಯ ಮನೆ ಬಿದ್ದರೆ ಅದನ್ನು ಹೊತ್ತು ಹಾಕುವುದಿಲ್ಲ, ಸಮ ಮಾಡಿ ಅದರ ಮೇಲೆಯೇ ಹೊಸ ಮನೆ ಕಟ್ಟುತ್ತಾರೆ. ಮಕ್ಕಳು, ಮೊಮ್ಮಕ್ಕಳು ಅದನ್ನೇ ಮಾಡುತ್ತಾರೆ. ಸಾವಿರಾರು ವರ್ಷ ಹೀಗೆ ನಡೆದರೆ ಊರೇ ಗುಡ್ಡೆಯಾಗುತ್ತದೆ. ಮೇಲಿನ ಪದರ ಹೊಸತು, ಕೆಳಗಿನದು ಹಳತು.

ಇದರಲ್ಲಿ ಬಹಳ ಹೆಸರಾದದ್ದು ಜೆರಿಕೊ, ಅರಬರ ಬಾಯಲ್ಲಿ ಅರೀಹಾ. ಅಲ್ಲಿನ ದಿಬ್ಬದ ಹೆಸರು ತಲ್ಲ್ ಅಸ್ಸುಲ್ತಾನ್. ಪಕ್ಕದಲ್ಲೇ ಐನ್ ಅಸ್ಸುಲ್ತಾನ್ ಎಂಬ ಬತ್ತದ ಬುಗ್ಗೆ. ನಮ್ಮ ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅರೀಹಾದಲ್ಲಿ 150 ಮಿ.ಮೀ. ಆಸುಪಾಸು ಅಷ್ಟೇ. ಅಲ್ಲಿ ಊರು ಇರುವುದೇ ಆ ಬುಗ್ಗೆಯಿಂದ.

1952ರಿಂದ 1958ರವರೆಗೆ ಕ್ಯಾಥ್ಲೀನ್ ಕೆನ್ಯನ್ ಎಂಬ ಬ್ರಿಟಿಷ್ ಮಹಿಳೆ ಅಲ್ಲಿ ಅಗೆತ ನಡೆಸಿದರು. ಆಳದಲ್ಲಿ ಅವರಿಗೆ ಒಂದು ಕಲ್ಲಿನ ಗೋಪುರ ಸಿಕ್ಕಿತು. ಎತ್ತರ ಸುಮಾರು ಎಂಟೂವರೆ ಮೀಟರ್, ಒಳಗೆ 22 ಮೆಟ್ಟಿಲು. ಕಟ್ಟಿ ಹತ್ತು ಸಾವಿರ ವರ್ಷವಾಗಿದೆ. ಆಗ ಕಬ್ಬಿಣ ಇರಲಿಲ್ಲ, ಚಕ್ರ ಇರಲಿಲ್ಲ, ಮಡಕೆ ಮಾಡುವುದು ಸಹ ಗೊತ್ತಿರಲಿಲ್ಲ. ಆ ಗೋಪುರಕ್ಕೆ ಸುಮಾರು 11,000 ಆಳು-ದಿನ ಬೇಕಾಗಿತ್ತು ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ನಮ್ಮಲ್ಲಿ ಕನ್‌ಸ್ಟ್ರಕ್ಷನ್ ಕೆಲಸದವರಿಗೆ ಈ ಲೆಕ್ಕ ಕೂಡಲೇ ಅರ್ಥವಾಗುತ್ತದೆ: ನೂರು ಆಳು ಬಿಡದೆ ದುಡಿದರೂ 110 ದಿನ. ಅಷ್ಟು ಜನಕ್ಕೆ ಊಟ ಹಾಕಬೇಕು, ಕೆಲಸ ಹಂಚಬೇಕು. ಕೆನ್ಯನ್ ಅವರು ಅದನ್ನೂ ಪಕ್ಕದ ಗೋಡೆಯನ್ನೂ ಶತ್ರುಗಳನ್ನು ತಡೆಯಲು ಕಟ್ಟಿದ್ದು ಎಂದುಕೊಂಡರು. ಗೋಡೆ ಕಟ್ಟಿದ್ದು ಶತ್ರುಗಳಿಗಲ್ಲ, ಮಳೆಗಾಲದಲ್ಲಿ ಗುಡ್ಡೆಯಿಂದ ನುಗ್ಗುವ ನೆರೆ ಮತ್ತು ಕೆಸರು ತಡೆಯಲಿಕ್ಕೆ ಎಂದು ಆಮೇಲೆ ಓಫರ್ ಬಾರ್-ಯೋಸೆಫ್ ಎಂಬ ವಿದ್ವಾಂಸರು ವಾದಿಸಿದರು. 2023ರಲ್ಲಿ ಯುನೆಸ್ಕೋ ಈ ದಿಬ್ಬವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದಕ್ಕಿಂತಲೂ ಹಳೆಯದೊಂದು ಉಂಟು. ಮೃತ ಸಮುದ್ರದ ಪೂರ್ವ ಬದಿಯ ದ್ರಾ ಎಂಬಲ್ಲಿ ಸುಮಾರು 11,300 ವರ್ಷ ಹಿಂದಿನ ಕಣಜಗಳು ಸಿಕ್ಕಿವೆ. ಜನ ಆಗಿನ್ನೂ ಕಾಡು ಬಾರ್ಲಿಯನ್ನೇ ತಂದು ಕೂಡಿಡುತ್ತಿದ್ದ ಕಾಲ. ಕಣಜದ ನೆಲವನ್ನು ಕಲ್ಲುಗಳ ಮೇಲೆ ಎತ್ತಿ ಕಟ್ಟಿದ್ದರು, ಕೆಳಗೆ ಗಾಳಿ ಆಡಲಿ, ಇಲಿ ಹತ್ತದಿರಲಿ ಅಂತ. ನಮ್ಮ ಹಳೆಯ ಮನೆಗಳ ಪತ್ತಾಯ ನೆನಪಾಗುತ್ತದೆ ಅಲ್ವಾ? ನಾಳೆಗೆ ಅಂತ ತೆಗೆದಿಡುವ ಬುದ್ಧಿ ಬೇಸಾಯಕ್ಕಿಂತಲೂ ಮೊದಲೇ ಮನುಷ್ಯನಿಗೆ ಬಂದಿತ್ತು ಅಂತ ಆ ಕಣಜ ಹೇಳುತ್ತದೆ.

ಮೇಸ್ತ್ರಿಯ ಕಣ್ಣು

ಕಣಿವೆಯ ನಡುಭಾಗದಲ್ಲಿ, ಝರ್ಕಾ ನದಿ ಬಯಲಿಗೆ ಇಳಿಯುವ ಜಾಗದ ಹತ್ತಿರ, ದೈರ್ ಅಲ್ಲಾ ಎಂಬ ಊರು. ಝಿಯಾರತಿಗೆ ಹೋದವರಿಗೆ ಈ ಹೆಸರು ಗೊತ್ತಿರುತ್ತದೆ. ಅಬೂ ಉಬೈದಾ ಇಬ್ನುಲ್ ಜರ್ರಾಹ್ ರಳಿಯಲ್ಲಾಹು ಅನ್ಹು ಅವರ ಮಖಾಮ್ ಇರುವುದು ಆ ಭಾಗದಲ್ಲೇ. ಹಿಜರಿ 18ರ ಅಮ್ವಾಸ್ ಪ್ಲೇಗಿನಲ್ಲಿ ಅವರು ತೀರಿಕೊಂಡರು. ಅದೇ ಪ್ಲೇಗಿನಲ್ಲಿ ತೀರಿಕೊಂಡ ಮುಆದ್ ಇಬ್ನು ಜಬಲ್, ಶುರಹ್ಬೀಲ್ ಇಬ್ನು ಹಸನಾ ಅವರ ಮಖಾಮ್‌ಗಳೂ ಇದೇ ಕಣಿವೆಯ ಬಡಗು ಭಾಗದಲ್ಲಿವೆ.

ದೈರ್ ಅಲ್ಲಾದಲ್ಲಿ ಒಂದು ದಿಬ್ಬ ಉಂಟು. 1960ರಿಂದ ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದವರು ಹೆಂಕ್ ಫ್ರಾಂಕನ್ ಅವರ ನೇತೃತ್ವದಲ್ಲಿ ಅಲ್ಲಿ ಅಗೆದರು. 1967ರಲ್ಲಿ ಕೆಲಸಗಾರರ ಮೇಸ್ತ್ರಿ ಒಬ್ಬರು ಒಂದು ಗಾರೆಯ ಚೂರನ್ನು ಎಸೆಯುವ ಬದಲು ಹಿಡಿದು ನೋಡಿದರು. ಅದರ ಮೇಲೆ ಅಕ್ಷರ ಇತ್ತು! ಅದು ಕ್ರಿಸ್ತಪೂರ್ವ 800ರ ಆಸುಪಾಸಿನದು. ಗೋಡೆಯ ಗಾರೆಯ ಮೇಲೆ ಕಪ್ಪು ಮತ್ತು ಕೆಂಪು ಶಾಯಿಯಲ್ಲಿ ಬರೆದಿದ್ದರು. ಭೂಕಂಪಕ್ಕೆ ಗೋಡೆ ಬಿದ್ದು ಬರಹ ಪುಡಿಪುಡಿಯಾಗಿತ್ತು. ಚೂರುಗಳನ್ನು ಜೋಡಿಸಿ ಓದಿದಾಗ ಅದು ಬಿಲ್ಆಮ್ ಎಂಬವನ ಕುರಿತ ಬರಹ ಎಂದು ತಿಳಿಯಿತು. ಬೈಬಲಿನಲ್ಲಿ ಬರುವ, ನಮ್ಮ ತಫ್ಸೀರ್‌ಗಳಲ್ಲೂ ಹೇಳಿದ ಹೆಸರು ಅದು. ಆ ಬರಹ ಈಗ ಅಮ್ಮಾನಿನ ವಸ್ತು ಸಂಗ್ರಹಾಲಯದಲ್ಲಿದೆ. ಸಹೋದರರೇ, ಇಷ್ಟು ದೊಡ್ಡ ಶೋಧ ಮೊದಲು ಬಿದ್ದದ್ದು ಪ್ರೊಫೆಸರರ ಕಣ್ಣಿಗಲ್ಲ, ಮೇಸ್ತ್ರಿಯ ಕಣ್ಣಿಗೆ.

ಕೆಲಸಗಾರರ ಇನ್ನೊಂದು ಕಥೆ ಅರಬಿ ಚರಿತ್ರೆಯಲ್ಲೇ ಉಂಟು. ಅದೂ ಇದೇ ನಡುಭಾಗದಲ್ಲಿ, ದಾಮಿಯಾ ಎಂಬಲ್ಲಿ ನಡೆದದ್ದು. ಮಮ್ಲೂಕ್ ಸುಲ್ತಾನ ಬೈಬರ್ಸ್ 1266ರಲ್ಲಿ ಅಲ್ಲಿ ನದಿಗೆ ಸೇತುವೆ ಕಟ್ಟಿಸಿದ. ಸ್ವಲ್ಪ ಸಮಯದಲ್ಲೇ ಕೆಲವು ಕಂಬಗಳು ಅಲುಗಾಡಿದವು. ರಿಪೇರಿಗೆ ಕಳುಹಿಸಿದ ಕೆಲಸಗಾರರಿಗೆ ನೀರಿನ ರಭಸದಲ್ಲಿ ಏನೂ ಮಾಡಲಾಗಲಿಲ್ಲ. 1267ರ ಡಿಸೆಂಬರಿನ ಒಂದು ನಡುರಾತ್ರಿ ನದಿ ಪೂರಾ ನಿಂತುಹೋಯಿತು. ಜನ ಬೆಂಕಿ ಹಾಕಿ, ಪಂಜು ಹಿಡಿದು, ಬರಿದಾದ ತಳಕ್ಕೆ ಇಳಿದು ಕಂಬ ಗಟ್ಟಿ ಮಾಡಿದರು. ನೀರು ಯಾಕೆ ನಿಂತಿತು ಅಂತ ಕುದುರೆ ಸವಾರರು ಮೇಲಕ್ಕೆ ಹೋಗಿ ನೋಡಿದರೆ ದಂಡೆಯ ದೊಡ್ಡ ದಿಬ್ಬ ಕುಸಿದು ನದಿಗೆ ಅಡ್ಡ ಬಿದ್ದಿತ್ತು. ಬೆಳಿಗ್ಗೆ ನೀರು ಅದನ್ನು ಒಡೆದುಕೊಂಡು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಅನ್ನುವೈರಿ ಎಂಬ ಚರಿತ್ರೆಕಾರರು ಇದನ್ನು ಬರೆದಿಟ್ಟಿದ್ದಾರೆ.

ಒಂದು ನಾಣ್ಯ ಹೇಳಿದ ವರ್ಷ

ಈಗ ಭೂಕಂಪದ ಮಾತು. ಉಮಯ್ಯಾ ಖಲೀಫರ ಕಾಲದಲ್ಲಿ ಕಣಿವೆಯ ಬಡಗಿನ ಬೈಸಾನ್, ಎದುರು ದಡದ ಫಹ್ಲ್, ಸರೋವರದ ತಬರಿಯ್ಯಾ, ಎಲ್ಲವೂ ತುಂಬಿದ ಪಟ್ಟಣಗಳು. 749ರಲ್ಲಿ ದೊಡ್ಡ ಭೂಕಂಪ ಆಯಿತು. ಬೈಸಾನಿನಲ್ಲಿ ಕಂಬಗಳು ಬಿದ್ದ ಹಾಗೆಯೇ ಸಾಲಾಗಿ ಮಲಗಿವೆ. ಬಿದ್ದ ಕಟ್ಟಡಗಳ ಅಡಿಯಲ್ಲಿ ಸಿಕ್ಕಿದ ಒಂದು ನಾಣ್ಯದಲ್ಲಿ ಹಿಜರಿ 131 ಎಂದು ಇತ್ತು. ಭೂಕಂಪ ಯಾವ ವರ್ಷದ್ದು ಎಂಬ ಹಳೆಯ ಚರ್ಚೆಗೆ ಉತ್ತರ ಕೊಡಲು ಅದು ದೊಡ್ಡ ಸಹಾಯ ಮಾಡಿತು. ಫಹ್ಲ್‌ನಲ್ಲಿ ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯದವರು ಅಗೆದಾಗ ಕುಸಿದ ಮನೆಗಳ ಅಡಿಯಲ್ಲಿ ಮನುಷ್ಯರದ್ದೂ ಒಂಟೆಗಳದ್ದೂ ಅಸ್ಥಿ ಸಿಕ್ಕಿತು. ಹಟ್ಟಿಯಲ್ಲಿ ಕಟ್ಟಿದ ಪ್ರಾಣಿ, ಮನೆಯೊಳಗಿದ್ದ ಜನ, ಒಂದೇ ಗಳಿಗೆ.

ಅರೀಹಾದ ಹತ್ತಿರ ಖಿರ್ಬತುಲ್ ಮಫ್ಜರ್ ಎಂಬ ಉಮಯ್ಯಾ ಅರಮನೆ ಇದೆ. ಅಗೆದವರು ಫಲಸ್ತೀನಿನವರೇ ಆದ ದಿಮಿತ್ರಿ ಬರಾಮ್ಕಿ. ಖಲೀಫ ಹಿಶಾಮ್ ಅವರ ಹೆಸರಿರುವ ಬರಹವೊಂದು ಅಲ್ಲಿ ಸಿಕ್ಕಿದ್ದರಿಂದ 'ಹಿಶಾಮ್ ಅರಮನೆ' ಎಂಬ ಹೆಸರಾಯಿತು. ಸ್ನಾನಗೃಹದ ದೊಡ್ಡ ಕೋಣೆಯ ನೆಲ ಪೂರಾ ಬಣ್ಣಬಣ್ಣದ ಸಣ್ಣ ಕಲ್ಲುಗಳ ಚಿತ್ತಾರ, 800 ಚದರ ಮೀಟರಿಗೂ ಹೆಚ್ಚು. ಜಪಾನಿನ ಸಹಾಯದಿಂದ ಅದಕ್ಕೆ ಮಾಡು ಹಾಕಿ 2021ರಲ್ಲಿ ಜನರಿಗೆ ತೆರೆದರು. ನಮ್ಮಲ್ಲಿ ಟೈಲ್ಸ್ ಹಾಕುವವರು ಒಮ್ಮೆ ಅದರ ಚಿತ್ರವನ್ನಾದರೂ ನೋಡಬೇಕು. ಒಂದೊಂದು ಕಲ್ಲನ್ನೂ ಕೈಯಲ್ಲಿ ಇಟ್ಟು ಕೂರಿಸಿದ ಕೆಲಸ ಅದು.

ಸಕ್ಕರೆ ಹೋದ ದಾರಿ

ನಮ್ಮ ನಾಡಿಗೂ ಈ ಕಣಿವೆಗೂ ನಿಜವಾದ ಒಂದು ನಂಟು ಉಂಟು. ಅದು ಸಕ್ಕರೆ. ಕಬ್ಬಿನ ರಸ ಕಾಯಿಸಿ ಹರಳು ಮಾಡುವ ವಿದ್ಯೆ ಹಿಂದೂಸ್ಥಾನದಿಂದ ಪರ್ಷಿಯಾಕ್ಕೆ, ಅಲ್ಲಿಂದ ಅರಬರಿಗೆ ಹೋಯಿತು. ಸಂಸ್ಕೃತದ ಶರ್ಕರ ಪಾರ್ಸಿಯಲ್ಲಿ ಶಕರ್, ಅರಬಿಯಲ್ಲಿ ಸುಕ್ಕರ್. ಕೆಫೆಟೇರಿಯಾದಲ್ಲಿ ಅರಬಿ ಗಿರಾಕಿ "ಸುಕ್ಕರ್" ಅಂದಾಗ ನಮಗೆ ಕೂಡಲೇ ಅರ್ಥವಾಗುವುದು ಸುಮ್ಮನೆ ಅಲ್ಲ, ನಮ್ಮ ಸಕ್ಕರೆಯೂ ಅದೇ ಮನೆತನದ ಶಬ್ದ.

ಬಿಸಿಲು ಚೆನ್ನಾಗಿದ್ದು ತೊರೆಯ ನೀರೂ ಸಿಗುವ ಗೌರ್ ಬಯಲು ಕಬ್ಬಿಗೆ ಹೇಳಿಸಿದ ಜಾಗ. ಅಯ್ಯೂಬಿ, ಮಮ್ಲೂಕ್ ಕಾಲದಲ್ಲಿ ಅಲ್ಲಿ ಸಕ್ಕರೆ ಗಿರಣಿಗಳು ಸಾಲಾಗಿದ್ದವು. ಅರೀಹಾದಲ್ಲೂ ಮೃತ ಸಮುದ್ರದ ತೆಂಕಣ ಗೌರ್ ಅಸ್ಸಾಫಿಯಲ್ಲೂ ಅವುಗಳ ಗೋಡೆ ಇವತ್ತಿಗೂ ನಿಂತಿವೆ. ಹೆಸರು ತವಾಹೀನ್ ಅಸ್ಸುಕ್ಕರ್, ಸಕ್ಕರೆ ಗಿರಣಿ ಅಂತಲೇ ಅರ್ಥ. ತೊರೆಯ ನೀರನ್ನು ಎತ್ತರದಿಂದ ಬೀಳಿಸಿ ಕಲ್ಲು ತಿರುಗಿಸಿ ಕಬ್ಬು ಅರೆಯುತ್ತಿದ್ದರು. ರಸವನ್ನು ತಾಮ್ರದ ಹಂಡೆಗಳಲ್ಲಿ ಕಾಯಿಸಿ, ತಳದಲ್ಲಿ ತೂತು ಇರುವ ಚೂಪು ಮಡಕೆಗಳಿಗೆ ಹೊಯ್ಯುತ್ತಿದ್ದರು. ಕಾಕಂಬಿ ತೊಟ್ಟಿಕ್ಕಿ ಕೆಳಗಿನ ಪಾತ್ರೆಗೆ ಇಳಿಯುತ್ತದೆ, ಮೇಲೆ ಸಕ್ಕರೆ ಗಟ್ಟಿಯಾಗುತ್ತದೆ. ಆ ಮಡಕೆಗಳ ಚೂರು ಗೌರ್‌ನ ಎಷ್ಟೋ ದಿಬ್ಬಗಳ ಮೇಲೆ ರಾಶಿ ರಾಶಿ ಸಿಗುತ್ತದೆ. ಲಾಭ ಸುಲ್ತಾನರಿಗೂ ವ್ಯಾಪಾರಿಗಳಿಗೂ ಹೋಯಿತು. ಹಂಡೆಯ ಮುಂದೆ ನಿಂತವರ ಗುರುತಾಗಿ ಉಳಿದದ್ದು ಈ ಮಡಕೆ ಚೂರುಗಳು.

ನದಿ ಈಗ

ಕೊನೆಯದಾಗಿ ಇವತ್ತಿನ ಸ್ಥಿತಿ. ಹಿಂದೆ ಈ ನದಿ ವರ್ಷಕ್ಕೆ ಸುಮಾರು 130 ಕೋಟಿ ಘನ ಮೀಟರ್ ನೀರನ್ನು ಮೃತ ಸಮುದ್ರಕ್ಕೆ ಒಯ್ಯುತ್ತಿತ್ತು. ಈಗ ಅದರ ಹತ್ತನೇ ಒಂದು ಪಾಲೂ ಇಲ್ಲ. 1964ರಿಂದ ಇಸ್ರೇಲ್ ತಬರಿಯ್ಯಾ ಸರೋವರದ ನೀರನ್ನು ದೊಡ್ಡ ಕೊಳವೆ ಕಾಲುವೆಗಳಲ್ಲಿ ಬೇರೆ ಕಡೆಗೆ ಒಯ್ದಿತು. ಯರ್ಮೂಕ್‌ನ ನೀರನ್ನು ಸಿರಿಯಾ ಅಣೆಕಟ್ಟುಗಳಲ್ಲಿ ಹಿಡಿಯಿತು. ಜೋರ್ಡಾನ್ ದೇಶ 1959ರಲ್ಲಿ ಕೆಲಸ ಶುರು ಮಾಡಿದ, ಈಗ 110 ಕಿ.ಮೀ. ಉದ್ದ ಇರುವ ಗೌರ್ ಕಾಲುವೆಗೆ ತಿರುಗಿಸಿತು. ಆ ಕಾಲುವೆಯೇ ಇವತ್ತು ನಾವು ತಿನ್ನುವ ಟೊಮೆಟೊ ಬೆಳೆಸುತ್ತಿದೆ. ಆ ತೋಟಗಳಲ್ಲಿ ಬಿಸಿಲಿಗೆ ಬಗ್ಗಿ ಕೊಯ್ಯುವವರಲ್ಲಿ ಈಜಿಪ್ಟಿನಿಂದ ಬಂದವರು ತುಂಬಾ ಮಂದಿ. ಮನೆಗೆ ಹಣ ಕಳುಹಿಸಲು ಪರದೇಶದಲ್ಲಿ ದುಡಿಯುವ ನಮ್ಮಂಥವರೇ.

ನದಿ ದೇಶಗಳ ಗಡಿಯೂ ಹೌದು. 1967ರಿಂದ ಪಶ್ಚಿಮ ದಂಡೆ ಇಸ್ರೇಲಿನ ಆಕ್ರಮಣದಲ್ಲಿದೆ. ತಲೆಮಾರುಗಳಿಂದ ಅಲ್ಲೇ ಇರುವ ಫಲಸ್ತೀನಿ ರೈತರಿಗೂ ಕುರಿ ಕಾಯುವವರಿಗೂ ನದಿಯ ದಂಡೆಗೆ ಹೋಗಲು ಬಿಡುವುದಿಲ್ಲ.

ನದಿ ಬತ್ತಿದ ಪರಿಣಾಮ ಮೃತ ಸಮುದ್ರದಲ್ಲಿ ಕಾಣುತ್ತದೆ. ಜೊತೆಗೆ ಎರಡೂ ದಂಡೆಯ ಪೊಟಾಷ್ ಕಾರ್ಖಾನೆಗಳು ಅದರ ನೀರನ್ನು ಆವಿ ಮಾಡುತ್ತವೆ. ನೀರು ವರ್ಷಕ್ಕೆ ಸುಮಾರು ಒಂದು ಮೀಟರ್ ಇಳಿಯುತ್ತಿದೆ. ಒಳಗಿನ ಉಪ್ಪು ಕರಗಿ ದಂಡೆಯ ನೆಲ ಇದ್ದಕ್ಕಿದ್ದಂತೆ ಕುಸಿದು ಸಾವಿರಾರು ಗುಂಡಿ ಬಿದ್ದಿವೆ. ರಸ್ತೆ, ತೋಟಗಳೂ ಹೋಗಿವೆ.

ನೀರು ಇಳಿದದ್ದರಿಂದ ಚರಿತ್ರೆ ಮೇಲೆ ಬಂದದ್ದೂ ಉಂಟು. 1989ರಲ್ಲಿ ತಬರಿಯ್ಯಾ ಸರೋವರ ಬಹಳ ಇಳಿದಾಗ ಕೆಸರಿನಲ್ಲಿ 23,000 ವರ್ಷ ಹಿಂದಿನ ಗುಡಿಸಲುಗಳು ಕಂಡವು. ಹುಲ್ಲಿನ ಹಾಸಿಗೆ, ಮೀನಿನ ಮುಳ್ಳು, ಕಾಡು ಧಾನ್ಯ ಎಲ್ಲ ಇತ್ತು. ಆದರೆ ಮೇಲೆ ಬಂದದ್ದು ಗಾಳಿಗೆ, ಬಿಸಿಲಿಗೆ, ಕಳ್ಳರಿಗೆ ಸಿಗುತ್ತದೆ. ಮೃತ ಸಮುದ್ರದ ತೆಂಕಣ ದಂಡೆಯ ಹಳೆಯ ದಫನ ಭೂಮಿಗಳನ್ನು ಕಳ್ಳರು ಅಗೆದು ಹಾಕಿದ್ದಾರೆ. ಅಲ್ಲಿನ ಮಡಕೆಗಳು ಅಂಗಡಿಗಳಲ್ಲಿ ಮಾರಾಟವಾದವು.

ಆದ್ದರಿಂದ ನಮ್ಮ ಎರಡು ಕೋರಿಕೆ. ಝಿಯಾರತಿಗೆ ಆ ಕಡೆ ಹೋಗುವವರು ದಿಬ್ಬದ ಮೇಲಿನ ಮಡಕೆ ಚೂರು ಒಂದನ್ನೂ ಕಿಸೆಗೆ ಹಾಕಬೇಡಿ. ಹಳೆಯ ನಾಣ್ಯ ಅಂತ ರಸ್ತೆ ಬದಿ ಯಾರಾದರೂ ಕೊಟ್ಟರೆ ಕೊಳ್ಳಬೇಡಿ. ಜೋರ್ಡಾನಿನ ಕಾನೂನಿನಲ್ಲಿ ಅದು ಅಪರಾಧ, ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ದರೆ ನಿಮ್ಮ ಕೆಲಸಕ್ಕೇ ಕುತ್ತು. ಅದಕ್ಕಿಂತ ಮುಖ್ಯವಾಗಿ, ಯಾವ ಪದರದಲ್ಲಿ ಸಿಕ್ಕಿತು ಅಂತ ಗೊತ್ತಿದ್ದರೆ ಮಾತ್ರ ಆ ಚೂರು ಮಾತಾಡುತ್ತದೆ. ಬೈಸಾನಿನ ಆ ನಾಣ್ಯವನ್ನು ಯಾರಾದರೂ ಮೊದಲೇ ಹೆಕ್ಕಿ ಒಯ್ದಿದ್ದರೆ ಭೂಕಂಪದ ವರ್ಷಕ್ಕೆ ಆ ಸಾಕ್ಷಿ ಇರುತ್ತಿರಲಿಲ್ಲ.

ಎರಡನೆಯದು ಊರಿನ ಮಾತು. ನಾವು ಇಲ್ಲಿ ದುಡಿದ ಹಣದಿಂದ ಊರಿನ ಹಳೆಯ ಮನೆ ಕೆಡವಿ ತಾರಸಿ ಮನೆ ಕಟ್ಟುತ್ತೇವೆ, ಒಳ್ಳೆಯದೇ. ಜೆಸಿಬಿ ಬರುವ ಮೊದಲು ಒಂದು ದಿನ ಇಟ್ಟುಕೊಳ್ಳಿ. ಪತ್ತಾಯದ, ಅಡುಗೆ ಕೋಣೆಯ, ಬಾವಿಕಟ್ಟೆಯ ಫೋಟೊ ತೆಗೆಯಿರಿ. ಇದನ್ನು ಯಾರು ಕಟ್ಟಿದ್ದು, ಯಾವಾಗ, ಕಲ್ಲು ಎಲ್ಲಿಂದ ಹೊತ್ತದ್ದು ಅಂತ ಉಮ್ಮನ ಹತ್ತಿರ ಕೇಳಿ ಬರೆದಿಡಿ. ಬರೆದದ್ದನ್ನು ಪತ್ರಿಕೆಗೆ ಕಳುಹಿಸಿದರೆ ಪ್ರಕಟಿಸುತ್ತೇವೆ.

 ಮಕ್ಕಳ ಪ್ರಶ್ನೆಗಳಿಗೆ ಊಟದ ಹೊತ್ತಿನಲ್ಲಿ ಉತ್ತರಿಸುತ್ತೇವೆ. ವಸ್ಸಲಾಮ್.